ಸ್ಪೀಡಿಂಗ್ ಟಿಕೆಟ್ ಬಂದಾಗ: ದಂಡ, ಪಾಯಿಂಟು ಮತ್ತು ನಿಮ್ಮ ಲೈಸೆನ್ಸು

ರಾತ್ರಿ ಪಾಳಿ ಮುಗಿಸಿ ಪ್ಯಾರಮಟ್ಟಾದಲ್ಲೋ ವೆಂಟ್‌ವರ್ತ್‌ವಿಲ್‌ನಲ್ಲೋ ಇರುವ ನಿಮ್ಮ ಬಾಡಿಗೆ ಮನೆಗೆ ಬಂದಿದ್ದೀರಿ. ಲೆಟರ್ ಬಾಕ್ಸ್ ತೆಗೆದರೆ ಕರೆಂಟ್ ಬಿಲ್ಲು, ಪಿಜ್ಜಾ ಅಂಗಡಿಯ ಕರಪತ್ರ, ಅದರ ನಡುವೆ ರೆವೆನ್ಯೂ ಎನ್‌ಎಸ್‌ಡಬ್ಲ್ಯುನಿಂದ ಒಂದು ಕವರು. ಒಡೆದು ನೋಡಿದರೆ ನಿಮ್ಮ ಕಾರಿನ ನಂಬರು, ಒಂದು ರಸ್ತೆಯ ಹೆಸರು, ತಾರೀಖು, ವೇಗ, ಡಾಲರ್ ಲೆಕ್ಕ. ಎದೆ ಧಸಕ್ಕೆನ್ನುತ್ತದೆ. ಆಮೇಲೆ "ನಾಳೆ ನೋಡೋಣ" ಅಂತ ಫ್ರಿಜ್ ಮೇಲೆ ಇಡುತ್ತೀರಿ.

ಈ ಪಾಠ ಬರೆದಿರುವುದೇ ಆ "ನಾಳೆ ನೋಡೋಣ" ಅನ್ನುವವರಿಗಾಗಿ. ಸ್ಪೀಡಿಂಗ್ ಟಿಕೆಟ್ಟಿನಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ದುಡ್ಡು. ಆದರೆ ಕಾರು ಓಡಿಸಿ ಹೊಟ್ಟೆ ಹೊರೆಯುವವರಿಗೆ ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಎರಡು ಕಡೆ ಇದೆ: ಒಂದು ಪಾಯಿಂಟು, ಇನ್ನೊಂದು ಕೊನೆಯ ತಾರೀಖು. ಈ ಎರಡನ್ನು ತಿಳಿದುಕೊಂಡರೆ ಅರ್ಧ ತೊಂದರೆ ತಪ್ಪಿದ ಹಾಗೆ.

ಊರಿನ ಲೆಕ್ಕ ಇಲ್ಲಿ ನಡೆಯೋಲ್ಲ

ಬೆಂಗಳೂರಿನಲ್ಲಿ ಗಾಡಿ ಓಡಿಸಿದವರಿಗೆ "ಪೆಂಡಿಂಗ್ ಕೇಸು" ಅಂದರೆ ಗೊತ್ತು. 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಕರ್ನಾಟಕ ಸರ್ಕಾರ ಶೇಕಡಾ 50 ರಿಯಾಯಿತಿ ಕೊಟ್ಟಾಗ ಜನ ಠಾಣೆಗಳ ಮುಂದೆ ಸಾಲು ನಿಂತು ಕಟ್ಟಿದರು. ಕಾದವರಿಗೆ ಲಾಭವಾಯಿತು, ತಕ್ಷಣ ಕಟ್ಟಿದವರಿಗೆ ಬೇಜಾರಾಯಿತು. ಆ ಅನುಭವ ಮನಸ್ಸಿನಲ್ಲಿಟ್ಟುಕೊಂಡು ಇಲ್ಲೂ ಕಾಯುತ್ತಾ ಕೂತರೆ ಕೆಟ್ಟಿರಿ. ಇಲ್ಲಿ ದಿನ ಕಳೆದಂತೆ ದಂಡ ಇಳಿಯುವುದಿಲ್ಲ, ಏರುತ್ತದೆ. ಮೊದಲು ಜ್ಞಾಪನಾ ಪತ್ರ, ಆಮೇಲೆ ಹೆಚ್ಚುವರಿ ಶುಲ್ಕ. ಅದಕ್ಕೂ ಸುಮ್ಮನಿದ್ದರೆ ಲೈಸೆನ್ಸು ಅಮಾನತು, ಕಾರಿನ ರೆಜಿಸ್ಟ್ರೇಷನ್ ರದ್ದು, ಸಂಬಳದಿಂದಲೋ ಬ್ಯಾಂಕಿನಿಂದಲೋ ನೇರ ಕಡಿತ. ಮೆಲ್ಬರ್ನ್ ಕಡೆ ಫೈನ್ಸ್ ವಿಕ್ಟೋರಿಯಾ ಕೂಡ ಇದೇ ದಾರಿ ಹಿಡಿಯುತ್ತದೆ. ಅಲ್ಲಿ ಕೊನೆಗೆ ಶೆರಿಫ್ ಅಧಿಕಾರಿ ಬಂದು ಕಾರಿನ ಚಕ್ರಕ್ಕೆ ಬೀಗ ಹಾಕುವವರೆಗೂ ಹೋಗಬಹುದು.

ಎರಡು ಬೇರೆ ಬೇರೆ ಖಾತೆ

ಒಂದು ಸ್ಪೀಡಿಂಗ್ ತಪ್ಪಿಗೆ ಎರಡು ಖಾತೆಯಲ್ಲಿ ಬರೆಯುತ್ತಾರೆ. ಒಂದು ಡಾಲರ್ ಖಾತೆ. ಇನ್ನೊಂದು ಡಿಮೆರಿಟ್ ಪಾಯಿಂಟ್ ಖಾತೆ.

ಡಾಲರ್ ಖಾತೆ ಸುಲಭ. ಕಟ್ಟಿದಿರಿ, ಮುಗಿಯಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 10 ಕಿ.ಮೀ. ಒಳಗಿನ ತಪ್ಪಿಗೆ ನೂರು ಚಿಲ್ಲರೆ ಡಾಲರ್, 45 ಕಿ.ಮೀ. ಮೀರಿದರೆ ಎರಡೂವರೆ ಸಾವಿರ ಡಾಲರ್ ದಾಟುತ್ತದೆ. ವಿಕ್ಟೋರಿಯಾದಲ್ಲಿ ಚಿಕ್ಕ ತಪ್ಪಿಗೇ ಇನ್ನೂರು ಡಾಲರ್ ಮೇಲಾಗುತ್ತದೆ. ಎರಡೂ ರಾಜ್ಯಗಳಲ್ಲಿ ಜುಲೈ 1ಕ್ಕೆ ದರ ಬದಲಾಗುವುದರಿಂದ ಗೆಳೆಯ ಹೋದ ವರ್ಷ ಕಟ್ಟಿದ ಮೊತ್ತ ಕೇಳಿ ಉಪಯೋಗವಿಲ್ಲ. ನಿಮ್ಮ ನೋಟಿಸಿನಲ್ಲಿ ಇರುವುದೇ ಲೆಕ್ಕ.

ಪಾಯಿಂಟ್ ಖಾತೆ ಹಾಗಲ್ಲ. ದುಡ್ಡು ಕಟ್ಟಿದರೂ ಅದು ಅಳಿಯುವುದಿಲ್ಲ. "ಪಾಯಿಂಟ್ ಹೋಯ್ತು" ಅಂತ ನಾವು ಮಾತಿಗೆ ಅನ್ನುತ್ತೇವೆ. ನಿಜವಾಗಿ ನಿಮ್ಮ ಖಾತೆ ಸೊನ್ನೆಯಿಂದ ಶುರುವಾಗಿ ಪ್ರತಿ ತಪ್ಪಿಗೂ ಕೂಡುತ್ತಾ ಹೋಗುತ್ತದೆ. 3 ವರ್ಷದ ಅವಧಿಯಲ್ಲಿ ಮಿತಿ ಮುಟ್ಟಿದರೆ ಲೈಸೆನ್ಸು ಅಮಾನತು. ಲೆಕ್ಕ ಹಿಡಿಯುವುದು ತಪ್ಪು ಮಾಡಿದ ದಿನದಿಂದ, ದುಡ್ಡು ಕಟ್ಟಿದ ದಿನದಿಂದ ಅಲ್ಲ.

ನ್ಯೂ ಸೌತ್ ವೇಲ್ಸ್‌ನಲ್ಲಿ ಮಿತಿ ಹೀಗಿದೆ:

• ಪೂರ್ಣ ಲೈಸೆನ್ಸ್: 13 ಪಾಯಿಂಟು
• ವೃತ್ತಿಪರ ಚಾಲಕರು: 14
• ಪಿ2, ಅಂದರೆ ಹಸಿರು ಪಿ: 7
• ಪಿ1, ಅಂದರೆ ಕೆಂಪು ಪಿ: 4
• ಲರ್ನರ್: 4

ವಿಕ್ಟೋರಿಯಾದಲ್ಲಿ ಪೂರ್ಣ ಲೈಸೆನ್ಸ್‌ಗೆ 3 ವರ್ಷದಲ್ಲಿ 12. ಲರ್ನರ್ ಮತ್ತು ಪಿ ಚಾಲಕರಿಗೆ 12 ತಿಂಗಳಲ್ಲಿ 5 ಆದರೂ ಸಾಕು, 3 ವರ್ಷದಲ್ಲಿ 12 ಆದರೂ ಸಾಕು.

ಎಷ್ಟು ವೇಗಕ್ಕೆ ಎಷ್ಟು ಪಾಯಿಂಟು?

ನ್ಯೂ ಸೌತ್ ವೇಲ್ಸ್, ಪೂರ್ಣ ಲೈಸೆನ್ಸ್:

• ಮಿತಿಗಿಂತ 10 ಕಿ.ಮೀ.ವರೆಗೆ ಹೆಚ್ಚು: 1 ಪಾಯಿಂಟು
• 10 ದಾಟಿ 20ರವರೆಗೆ: 3
• 20 ದಾಟಿ 30ರವರೆಗೆ: 4
• 30 ದಾಟಿ 45ರವರೆಗೆ: 5, ಜೊತೆಗೆ 3 ತಿಂಗಳು ಲೈಸೆನ್ಸ್ ಅಮಾನತು
• 45 ದಾಟಿದರೆ: 6, ಜೊತೆಗೆ 6 ತಿಂಗಳು ಅಮಾನತು

ಕೆಂಪು ಪಿ ಇರುವವರು ಇದನ್ನು ಎರಡು ಸಲ ಓದಿ: ನಿಮಗೆ ಯಾವುದೇ ಸ್ಪೀಡಿಂಗ್ ತಪ್ಪಿಗೂ ಕಡಿಮೆ ಅಂದರೆ 4 ಪಾಯಿಂಟು. ನಿಮ್ಮ ಮಿತಿಯೂ 4. ಅಂದರೆ 50ರ ರಸ್ತೆಯಲ್ಲಿ 56ಕ್ಕೆ ಸಿಕ್ಕಿದರೂ ಕನಿಷ್ಠ 3 ತಿಂಗಳು ಕಾರು ಮುಟ್ಟುವ ಹಾಗಿಲ್ಲ.

ವಿಕ್ಟೋರಿಯಾದಲ್ಲಿ 10 ಕಿ.ಮೀ.ಗಿಂತ ಕಡಿಮೆ ಮೀರಿದರೆ 1 ಪಾಯಿಂಟು, 10ರಿಂದ 25ರ ಒಳಗೆ 3. 25 ಮುಟ್ಟಿದರೆ 3 ತಿಂಗಳು ಲೈಸೆನ್ಸ್ ಅಮಾನತು, 35ಕ್ಕೆ 6 ತಿಂಗಳು, 45ಕ್ಕೆ 12 ತಿಂಗಳು. 110ರ ಫ್ರೀವೇಯಲ್ಲಿ 20 ಮೀರಿದರೇ ಸಾಕು, 3 ತಿಂಗಳು ಹೋಗುತ್ತದೆ.

"ಹತ್ತರವರೆಗೆ ಬಿಡ್ತಾರೆ ಬಿಡ್ರಿ" ಅನ್ನುವ ಮಾತು ನಮ್ಮವರಲ್ಲಿ ಬಹಳ ಓಡಾಡುತ್ತದೆ. ಅದನ್ನು ನಂಬಬೇಡಿ. ಹತ್ತರೊಳಗೆ ಬಿಡುವುದಾಗಿದ್ದರೆ ಅದಕ್ಕೆ ಒಂದು ಪಾಯಿಂಟು ಅಂತ ಪಟ್ಟಿಯಲ್ಲಿ ಬರೆಯುತ್ತಲೇ ಇರಲಿಲ್ಲ.

ಎಲ್ಲಿ ಎಷ್ಟು ಅನ್ನುವುದಕ್ಕೆ ಎರಡು ವಿಷಯ ಬಾಯಿಪಾಠ ಇರಲಿ. ಊರೊಳಗೆ ಬೋರ್ಡ್ ಇಲ್ಲದ ರಸ್ತೆಯಲ್ಲಿ 50. ಶಾಲೆ ನಡೆಯುವ ದಿನ ಸ್ಕೂಲ್ ಜೋನಿನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ 9:30 ಮತ್ತು ಮಧ್ಯಾಹ್ನ 2:30ರಿಂದ 4ರವರೆಗೆ 40. ನ್ಯೂ ಸೌತ್ ವೇಲ್ಸ್‌ನ ಸ್ಕೂಲ್ ಜೋನಿನಲ್ಲಿ ದಂಡವೂ ಹೆಚ್ಚು, ಒಂದು ಪಾಯಿಂಟು ಕೂಡ ಹೆಚ್ಚು. ಬೆಳಗಿನ ಶಿಫ್ಟಿಗೆ ಓಡುವ ಹೊತ್ತೂ ಅದೇ, ಮಕ್ಕಳು ರಸ್ತೆ ದಾಟುವ ಹೊತ್ತೂ ಅದೇ.

ರಜೆಯ ದಿನ ಪಾಯಿಂಟು ಡಬಲ್

ನ್ಯೂ ಸೌತ್ ವೇಲ್ಸ್‌ನಲ್ಲಿ ಉದ್ದ ರಜೆಗಳ ಸಮಯದಲ್ಲಿ ಸ್ಪೀಡಿಂಗ್ ಪಾಯಿಂಟು ಎರಡು ಪಟ್ಟಾಗುತ್ತದೆ. ಆಸ್ಟ್ರೇಲಿಯಾ ಡೇ, ಈಸ್ಟರ್, ಆನ್ಜಾಕ್ ಡೇ, ಜೂನ್‌ನಲ್ಲಿ ರಾಜನ ಹುಟ್ಟುಹಬ್ಬ, ಅಕ್ಟೋಬರ್‌ನಲ್ಲಿ ಲೇಬರ್ ಡೇ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ. ದಂಡದ ಮೊತ್ತ ಡಬಲ್ ಆಗುವುದಿಲ್ಲ, ಪಾಯಿಂಟು ಮಾತ್ರ. ವಿಕ್ಟೋರಿಯಾದಲ್ಲಿ ಈ ಪದ್ಧತಿ ಇಲ್ಲ. ಲೇಬರ್ ಡೇ ನಮ್ಮ ದಸರೆಯ ಆಸುಪಾಸಿನಲ್ಲಿ ಬರುತ್ತದೆ. ಬೊಂಬೆ ನೋಡಲು ಮನೆಮನೆ ಸುತ್ತುವವರು ನೆನಪಿಡಿ.

ಒಂದು ಲೆಕ್ಕ ಮಾಡೋಣ. ಹಸಿರು ಪಿ ಇರುವ ಹುಡುಗನೊಬ್ಬ ಹ್ಯಾರಿಸ್ ಪಾರ್ಕ್‌ನ ಹೋಟೆಲುಗಳಿಂದ ಊಟ ಡೆಲಿವರಿ ಮಾಡುತ್ತಾನೆ ಅಂದುಕೊಳ್ಳಿ. ಲೇಬರ್ ಡೇ ರಜೆಯಲ್ಲಿ 60ರ ರಸ್ತೆಯಲ್ಲಿ 74ಕ್ಕೆ ಹೋದ. ಮೀರಿದ್ದು 14 ಕಿ.ಮೀ., 3 ಪಾಯಿಂಟು, ಡಬಲ್ ಆಗಿ 6. ಆರು ತಿಂಗಳ ನಂತರ 50ರ ರಸ್ತೆಯಲ್ಲಿ 57. ಮತ್ತೆ 1. ಒಟ್ಟು 7. ಎರಡು ದಂಡವನ್ನೂ ಒಂದೆರಡು ವಾರದ ದುಡಿಮೆಯಲ್ಲಿ ಕಟ್ಟಬಹುದಿತ್ತು. ಆದರೆ ಈಗ 3 ತಿಂಗಳು ಡೆಲಿವರಿಯೇ ಇಲ್ಲ. ಅವನು ಕಳೆದುಕೊಂಡದ್ದು ದಂಡವೋ, ಮೂರು ತಿಂಗಳ ಬಾಡಿಗೆಯೋ, ನೀವೇ ಹೇಳಿ.

ಪತ್ರ ಬಂದ ದಿನ ಏನು ಮಾಡಬೇಕು?

ಫ್ರಿಜ್ ಮೇಲೆ ಇಡಬೇಡಿ. ಅವತ್ತೇ ನಾಲ್ಕು ವಿಷಯ ನೋಡಿ: ತಪ್ಪಿನ ತಾರೀಖು ಮತ್ತು ಜಾಗ, ಕಾರಿನ ನಂಬರು, ಪಾಯಿಂಟು ಎಷ್ಟು, ಕೊನೆಯ ತಾರೀಖು ಯಾವುದು. ಕೊನೆಯ ತಾರೀಖನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಕ್ಯಾಮೆರಾ ಟಿಕೆಟ್ ಆಗಿದ್ದರೆ ನೋಟಿಸ್ ನಂಬರು ಕೊಟ್ಟು ಆನ್‌ಲೈನಿನಲ್ಲಿ ಫೋಟೋ ನೋಡಿಕೊಳ್ಳಿ.

ಮೆಸೇಜಿನಲ್ಲಿ ಲಿಂಕ್ ಬಂದು "ತಕ್ಷಣ ಕಟ್ಟಿ" ಅಂದರೆ ಒತ್ತಬೇಡಿ. ದಂಡ, ಟೋಲ್ ಹೆಸರಿನಲ್ಲಿ ಮೋಸದ ಮೆಸೇಜು ಬಹಳ. ಅಧಿಕೃತ ವೆಬ್‌ಸೈಟಿನ ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ.

ಆಮೇಲೆ ನಿಮ್ಮ ಮುಂದೆ ನಾಲ್ಕು ದಾರಿ.

ಒಂದು, ಕಟ್ಟುವುದು. ಕಟ್ಟಿದಿರಿ ಅಂದರೆ ತಪ್ಪು ಒಪ್ಪಿಕೊಂಡ ಹಾಗೆ, ಪಾಯಿಂಟು ಸೇರುತ್ತದೆ. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕಟ್ಟಲು ಕೇಳಬಹುದು. ಕಂತು ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಅದು ಎಲ್ಲರಿಗೂ ಇರುವ ಸೌಲಭ್ಯ.

ಎರಡು, ಓಡಿಸಿದವರು ಬೇರೆಯವರಾದರೆ ಅವರ ಹೆಸರು ತಿಳಿಸುವುದು. ಕ್ಯಾಮೆರಾ ಟಿಕೆಟ್ ಬರುವುದು ಕಾರಿನ ಮಾಲೀಕರ ಹೆಸರಿಗೆ. ಅವತ್ತು ರೂಮ್‌ಮೇಟ್ ಓಡಿಸಿದ್ದರೆ ಅವರ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಟ್ಟು ವರ್ಗಾಯಿಸಬೇಕು.

ಮೂರು, ಮರುಪರಿಶೀಲನೆ ಕೇಳುವುದು. ಕಾರು ಕಳುವಾಗಿತ್ತು, ನಂಬರ್ ತಪ್ಪಾಗಿದೆ, ಆಸ್ಪತ್ರೆಗೆ ತುರ್ತಾಗಿ ಹೋಗಬೇಕಿತ್ತು, ಇಂಥ ಕಾರಣ ಇದ್ದರೆ ದಾಖಲೆ ಸಮೇತ ಬರೆಯಿರಿ. ಹಲವು ವರ್ಷ ಒಂದೂ ತಪ್ಪಿಲ್ಲದವರಿಗೆ ಚಿಕ್ಕ ಸ್ಪೀಡಿಂಗ್‌ಗೆ ಬರೀ ಎಚ್ಚರಿಕೆ ಕೊಟ್ಟು ಬಿಡುವ ಅವಕಾಶ ಎರಡೂ ರಾಜ್ಯಗಳಲ್ಲಿದೆ. ಕೇಳದೆ ಸಿಗುವುದಿಲ್ಲ. ಆದರೆ "ಶಿಫ್ಟಿಗೆ ಲೇಟಾಗಿತ್ತು" ಅನ್ನುವುದು ಕಾರಣವಲ್ಲ.

ನಾಲ್ಕು, ಕೋರ್ಟಿಗೆ ಹೋಗುವುದು. ಮ್ಯಾಜಿಸ್ಟ್ರೇಟ್ ಬಿಟ್ಟುಬಿಡಬಹುದು, ದಂಡ ಹೆಚ್ಚೂ ಮಾಡಬಹುದು, ಕೋರ್ಟ್ ಖರ್ಚೂ ಬೀಳಬಹುದು. ಉಚಿತ ಕಾನೂನು ಸಲಹೆ ಪಡೆಯದೆ ಈ ದಾರಿ ಹಿಡಿಯಬೇಡಿ.

ವಿಕ್ಟೋರಿಯಾದವರಿಗೆ ಒಂದು ಮಾತು. 25 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮೀರಿದ ತಪ್ಪಿನ ನೋಟಿಸಿಗೆ ನೀವು ಆಕ್ಷೇಪಣೆ ಸಲ್ಲಿಸದಿದ್ದರೆ 28 ದಿನದ ಮೇಲೆ ಅದೇ ಕನ್ವಿಕ್ಷನ್ ಆಗಿ ಜಾರಿಗೆ ಬರುತ್ತದೆ. ವೀಸಾ, ಪಿಆರ್, ಪೌರತ್ವದ ಅರ್ಜಿಯಲ್ಲಿ ಕನ್ವಿಕ್ಷನ್ ಬಗ್ಗೆ ಕೇಳಿದರೆ ನಿಜ ಹೇಳಬೇಕಾಗುತ್ತದೆ. ಇಂಥ ನೋಟಿಸ್ ಬಂದರೆ 28 ದಿನದೊಳಗೆ ವಕೀಲರನ್ನು ಕೇಳಿ.

ಬೇರೆಯವರ ಪಾಯಿಂಟು ಹೊರಬೇಡಿ

"ನಿನ್ನ ಲೈಸೆನ್ಸಿನಲ್ಲಿ ಪಾಯಿಂಟು ಖಾಲಿ ಇದೆಯಲ್ಲ, ನನ್ನದು ಒಂದು ಹಾಕ್ಕೋ, ದುಡ್ಡು ಕೊಡ್ತೀನಿ." ಈ ಮಾತು ಗೆಳೆಯನಿಂದ ಬರಬಹುದು, ಕೆಲಸ ಕೊಟ್ಟ ಮಾಲೀಕನಿಂದಲೂ ಬರಬಹುದು. ಒಪ್ಪಬೇಡಿ. ಓಡಿಸದವರ ಹೆಸರು ಗೊತ್ತಿದ್ದೂ ಬರೆದುಕೊಡುವುದು ಅಪರಾಧ. ಟ್ರಾಫಿಕ್ ದಂಡದಲ್ಲಿ ಮುಗಿಯಬೇಕಾದದ್ದು ಸುಳ್ಳು ಹೇಳಿಕೆಯ ಕೇಸಾಗಿ ಕೋರ್ಟಿಗೆ ಹೋಗುತ್ತದೆ. ಅದು ವೀಸಾಕ್ಕೂ ಕುತ್ತು ತರಬಹುದು.

ಕಂಪನಿಯ ವ್ಯಾನ್ ಓಡಿಸುವವರು ಪ್ರತಿ ಶಿಫ್ಟಿಗೂ ದಿನ, ಸಮಯ, ವ್ಯಾನ್ ನಂಬರು ಒಂದು ಪುಸ್ತಕದಲ್ಲಿ ಬರೆದಿಡಿ. ನೀವು ಓಡಿಸದ ದಿನದ ಟಿಕೆಟ್ ನಿಮ್ಮ ತಲೆಗೆ ಬಂದರೆ ಆ ಪುಸ್ತಕವೇ ಸಾಕ್ಷಿ. ಮಾಲೀಕರು ದಂಡವನ್ನು ನಿಮ್ಮ ಸಂಬಳದಲ್ಲಿ ತಮ್ಮಷ್ಟಕ್ಕೆ ತಾವೇ ಹಿಡಿದುಕೊಳ್ಳುವ ಹಾಗಿಲ್ಲ. ಸಂಬಳ ಕಡಿತಕ್ಕೆ ಫೇರ್ ವರ್ಕ್ ಕಾಯ್ದೆಯಲ್ಲಿ ನಿಯಮ ಇದೆ. ಸಾಮಾನ್ಯವಾಗಿ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಆ ಕಡಿತ ಮುಖ್ಯವಾಗಿ ನಿಮ್ಮ ಒಳಿತಿಗೆ ಇರಬೇಕು. ಹಿಡಿದುಕೊಂಡರೆ ಫೇರ್ ವರ್ಕ್ ಒಂಬುಡ್ಸ್‌ಮನ್‌ಗೆ 13 13 94ಕ್ಕೆ ಫೋನ್ ಮಾಡಿ.

ಕಟ್ಟಲು ಆಗುತ್ತಲೇ ಇಲ್ಲ ಅಂದರೆ?

ಕೆಲಸ ಹೋಗಿದೆ, ಕಾಯಿಲೆ ಇದೆ, ಮನೆ ಇಲ್ಲ, ಮನಸ್ಸಿನ ಆರೋಗ್ಯ ಸರಿಯಿಲ್ಲ, ಕೈಯಲ್ಲಿ ನಿಜವಾಗಲೂ ಕಾಸಿಲ್ಲ ಅನ್ನುವವರಿಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ವರ್ಕ್ ಅಂಡ್ ಡೆವಲಪ್‌ಮೆಂಟ್ ಆರ್ಡರ್ ಅನ್ನುವ ವ್ಯವಸ್ಥೆ ಇದೆ. ಒಪ್ಪಿಗೆ ಪಡೆದ ಸಂಸ್ಥೆಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡಿದರೆ ಗಂಟೆಗೆ 50 ಡಾಲರ್ ಲೆಕ್ಕದಲ್ಲಿ ದಂಡ ತೀರುತ್ತಾ ಬರುತ್ತದೆ. ಚಿಕಿತ್ಸೆ, ಕೌನ್ಸೆಲಿಂಗ್, ತರಬೇತಿಗೂ ಹೀಗೆ ವಜಾ ಮಾಡುತ್ತಾರೆ. ವಿಕ್ಟೋರಿಯಾದಲ್ಲಿ ಇಂಥದ್ದೇ ವರ್ಕ್ ಅಂಡ್ ಡೆವಲಪ್‌ಮೆಂಟ್ ಪರ್ಮಿಟ್ ಇದೆ. ಇದು ದಂಡಕ್ಕೆ ಮಾತ್ರ. ಪಾಯಿಂಟು ಹಾಗೇ ಉಳಿಯುತ್ತದೆ.

ಮಿತಿ ಮುಟ್ಟಿದರೆ

ಪೂರ್ಣ ಲೈಸೆನ್ಸ್ ಇರುವವರಿಗೆ ನ್ಯೂ ಸೌತ್ ವೇಲ್ಸ್‌ನಲ್ಲಿ 13ರಿಂದ 15 ಪಾಯಿಂಟಿಗೆ 3 ತಿಂಗಳು, 16ರಿಂದ 19ಕ್ಕೆ 4 ತಿಂಗಳು, 20 ಅಥವಾ ಅದಕ್ಕಿಂತ ಹೆಚ್ಚಾದರೆ 5 ತಿಂಗಳು ಅಮಾನತು. ಅದರ ಬದಲು 12 ತಿಂಗಳ ಸನ್ನಡತೆಯ ಅವಧಿ ಆರಿಸಿಕೊಳ್ಳಬಹುದು. ಆ ಅವಧಿಯಲ್ಲಿ 2 ಪಾಯಿಂಟು ಬಂದರೆ ಎರಡು ಪಟ್ಟು ಕಾಲ ಅಮಾನತು. ವಿಕ್ಟೋರಿಯಾದಲ್ಲೂ ಹೀಗೆ ಆಯ್ಕೆ ಇದೆ, ಆದರೆ ಅಲ್ಲಿ 1 ಪಾಯಿಂಟು ಬಂದರೂ ಎರಡು ಪಟ್ಟು. ಆಯ್ಕೆಯ ಪತ್ರಕ್ಕೆ ಹೇಳಿದ ದಿನದೊಳಗೆ ಉತ್ತರ ಕೊಡದಿದ್ದರೆ ಅಮಾನತು ತಾನಾಗಿಯೇ ಶುರುವಾಗುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಪಿ ಚಾಲಕರಿಗೆ ಈ ಆಯ್ಕೆ ಇಲ್ಲ; ಅವರು 28 ದಿನದೊಳಗೆ ಲೋಕಲ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು.

ಒಂದು ಮಾತು ಕೈಮುಗಿದು ಹೇಳುತ್ತೇವೆ: ಅಮಾನತಾದ ಲೈಸೆನ್ಸಿನಲ್ಲಿ ಕಾರು ಓಡಿಸಬೇಡಿ. "ಎರಡೇ ಕಿಲೋಮೀಟರು, ಸ್ಟೇಷನ್‌ವರೆಗೆ" ಅಂದರೂ ಬೇಡ. ಅಲ್ಲಿಯವರೆಗೆ ಇದ್ದದ್ದು ದಂಡದ ವಿಷಯ, ಅಲ್ಲಿಂದ ಮುಂದೆ ಜೈಲಿನವರೆಗೂ ಹೋಗಬಹುದಾದ ಕೋರ್ಟ್ ಕೇಸು.

ಮನೆ ಬದಲಾಯಿಸಿದವರು, ಊರಿಗೆ ಹೋಗುವವರು

ನಮ್ಮಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ವರ್ಷಕ್ಕೊಂದು ಬಾಡಿಗೆ ಮನೆ. ಪತ್ರ ಹಳೆಯ ಮನೆಗೆ ಹೋಗುತ್ತದೆ. ಜ್ಞಾಪನಾ ಪತ್ರವೂ ಅಲ್ಲಿಗೇ. ಅಮಾನತಿನ ಪತ್ರವೂ ಅಲ್ಲಿಗೇ. ನಿಮಗೆ ಗೊತ್ತಾಗುವುದು ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿದಾಗ. ಎರಡೂ ರಾಜ್ಯಗಳಲ್ಲಿ ಹೊಸ ವಿಳಾಸವನ್ನು 14 ದಿನದೊಳಗೆ ತಿಳಿಸಬೇಕು. ಲೈಸೆನ್ಸಿಗೂ ಕಾರಿನ ರೆಜಿಸ್ಟ್ರೇಷನ್‌ಗೂ, ಎರಡಕ್ಕೂ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಪತ್ರ ತೆಗೆದು ಫೋಟೋ ಕಳಿಸಲು ನಂಬಿಕೆಯ ಒಬ್ಬರಿಗೆ ಹೇಳಿ ಹೋಗಿ.

ಇಂಡಿಯಾ ಲೈಸೆನ್ಸಿನಲ್ಲಿ ಓಡಿಸುವವರಿಗೂ ಇದೆಲ್ಲ ಅನ್ವಯ. ಪಾಯಿಂಟು ನಿಮ್ಮ ಹೆಸರಿನಲ್ಲೂ ಸೇರುತ್ತದೆ, ಇಲ್ಲಿ ಓಡಿಸುವ ಹಕ್ಕನ್ನು ಹಿಂದಕ್ಕೆ ಪಡೆಯಬಹುದು. ತಾತ್ಕಾಲಿಕ ವೀಸಾದಲ್ಲಿ ಇರುವವರು ವಿಕ್ಟೋರಿಯಾದಲ್ಲಿ 2019ರ ಅಕ್ಟೋಬರ್‌ನಿಂದ, ನ್ಯೂ ಸೌತ್ ವೇಲ್ಸ್‌ನಲ್ಲಿ 2023ರ ಜುಲೈನಿಂದ 6 ತಿಂಗಳೊಳಗೆ ಆಯಾ ರಾಜ್ಯದ ಲೈಸೆನ್ಸ್ ಪಡೆಯಬೇಕು ಎಂಬ ನಿಯಮ ಬಂದಿದೆ.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಾರಿನಲ್ಲಿ

ಹ್ಯೂಮ್ ಹೆದ್ದಾರಿಯಲ್ಲಿ ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಹಾಕುವ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಕೆಲವು ಕಡೆ ಎರಡು ಜಾಗದ ನಡುವಿನ ಸರಾಸರಿ ವೇಗ ಅಳೆಯುತ್ತಾರೆ. 10 ಕಿ.ಮೀ. ದೂರವನ್ನು 5 ನಿಮಿಷದಲ್ಲಿ ದಾಟಿದರೆ ಸರಾಸರಿ 120. ಕ್ಯಾಮೆರಾ ಮುಂದೆ 100ಕ್ಕೆ ಇಳಿಸಿದ್ದರೂ ಲೆಕ್ಕಕ್ಕಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೂಲಾಕ್ ಮತ್ತು ಗಂಡಗೈ ನಡುವೆ ಕಾರುಗಳಿಗೂ ಇದನ್ನು 2025ರಲ್ಲಿ ಪ್ರಯೋಗವಾಗಿ ತಂದರು. ಮೇ ಮತ್ತು ಜೂನ್‌ನಲ್ಲಿ ಎಚ್ಚರಿಕೆ ಪತ್ರ, ಜುಲೈ 1ರಿಂದ ದಂಡ. ಮೆಲ್ಬರ್ನ್‌ನ ಉತ್ತರಕ್ಕೆ ಹ್ಯೂಮ್ ಫ್ರೀವೇಯಲ್ಲೂ ಇಂಥ ಕ್ಯಾಮೆರಾ ಇವೆ. ಒಂದು ರಾಜ್ಯದ ಲೈಸೆನ್ಸ್, ಇನ್ನೊಂದು ರಾಜ್ಯದ ತಪ್ಪು ಅಂದರೆ ಪಾಯಿಂಟು ಗಡಿ ದಾಟಿ ನಿಮ್ಮ ಖಾತೆಗೇ ಬರುತ್ತದೆ.

ನೀವೇ ಲೆಕ್ಕ ಹಾಕಿ

ಪ್ರಶ್ನೆ 1: ನ್ಯೂ ಸೌತ್ ವೇಲ್ಸ್ ಪೂರ್ಣ ಲೈಸೆನ್ಸ್, ಈಗಾಗಲೇ 9 ಪಾಯಿಂಟು. ಈಸ್ಟರ್ ರಜೆಯಲ್ಲಿ ಮಿತಿಗಿಂತ 22 ಕಿ.ಮೀ. ಹೆಚ್ಚು. ಏನಾಗುತ್ತದೆ?
ಉತ್ತರ: 4 ಪಾಯಿಂಟು ಡಬಲ್ ಆಗಿ 8. ಒಟ್ಟು 17. 4 ತಿಂಗಳು ಅಮಾನತು, ಇಲ್ಲವೇ 12 ತಿಂಗಳ ಸನ್ನಡತೆ.

ಪ್ರಶ್ನೆ 2: ವಿಕ್ಟೋರಿಯಾ ಪೂರ್ಣ ಲೈಸೆನ್ಸ್, 9 ಪಾಯಿಂಟು, ಮಿತಿಗಿಂತ 12 ಕಿ.ಮೀ. ಹೆಚ್ಚು. ಏನಾಗುತ್ತದೆ?
ಉತ್ತರ: 3 ಸೇರಿ 12. ಮಿತಿ ಮುಟ್ಟಿತು, ಆಯ್ಕೆಯ ಪತ್ರ ಬರುತ್ತದೆ.

ಯಾರನ್ನು ಕೇಳಬೇಕು?

ನ್ಯೂ ಸೌತ್ ವೇಲ್ಸ್‌ನಲ್ಲಿ ಉಚಿತ ಕಾನೂನು ಮಾಹಿತಿಗೆ ಲಾ ಆಕ್ಸೆಸ್: 1300 888 529. ವಿಕ್ಟೋರಿಯಾ ಲೀಗಲ್ ಏಡ್: 1300 792 387. ಇಂಗ್ಲಿಷ್ ಕಷ್ಟವಾದರೆ ಮೊದಲು ಭಾಷಾಂತರ ಸೇವೆ 131 450ಕ್ಕೆ ಫೋನ್ ಮಾಡಿ, "ಕನ್ನಡ" ಅಂತ ಹೇಳಿ, ನಿಮಗೆ ಬೇಕಾದ ಕಚೇರಿಗೆ ಸಂಪರ್ಕ ಕೊಡಿಸಲು ಕೇಳಿ. ನಿಮ್ಮ ಪಾಯಿಂಟು ಈಗ ಎಷ್ಟಿದೆ ಅನ್ನುವುದನ್ನು ಸರ್ವಿಸ್ ಎನ್‌ಎಸ್‌ಡಬ್ಲ್ಯು ಖಾತೆಯಲ್ಲಿ ಅಥವಾ ವಿಕ್‌ರೋಡ್ಸ್ ಖಾತೆಯಲ್ಲಿ ನೋಡಬಹುದು. ಈ ಪುಟ ಮಡಚುವ ಮೊದಲು ಅದನ್ನು ಒಮ್ಮೆ ನೋಡಿಬಿಡಿ. ವಿಳಾಸ ಹಳೆಯದೇ ಇದ್ದರೆ ಅದನ್ನೂ ಈಗಲೇ ಬದಲಾಯಿಸಿ.